ಕಡಲ ದಂಡೆಯ ಗಾಲ್ಫ್ ಹೋಟೆಲಿನಲ್ಲಿ ಎರಡು ರಾತ್ರಿ: ಸಂಕೋಚ ಬಿಟ್ಟು ಉಳಿಯುವುದು ಹೇಗೆ?

ಧಾರವಾಡದ ನಮ್ಮ ಅಕ್ಕ–ಭಾವ, ಮದುವೆಯಾಗಿ 25 ವರ್ಷ ತುಂಬಿದ ಖುಷಿಗೆ ದಕ್ಷಿಣ ಗೋವಾದ ದೊಡ್ಡ ರೆಸಾರ್ಟ್ ಒಂದರಲ್ಲಿ ಎರಡು ರಾತ್ರಿ ಇದ್ದು, ಊರಿಗೆ ಹೊರಡುವ ಮುನ್ನ ಮಡಗಾಂವ್‌ನ ನಮ್ಮ ಮನೆಗೆ ಬಂದರು. ಅಕ್ಕನಿಗೆ ಹಳೆಯ ಕುತ್ತಿಗೆ ನೋವು. ಸ್ಪಾದಲ್ಲಿ ಮಸಾಜ್ ಜೋರಾಗಿ ನೋವು ಹೆಚ್ಚಿಸಿಕೊಂಡಿದ್ದಳು. ‘ಮೊದಲೇ ಹೇಳಬಾರದಿತ್ತೇನಕ್ಕ?’ ಅಂದೆ. ‘ಇಂಗ್ಲಿಷ್ ಫಾರ್ಮ್ ಕೊಟ್ರು. ಕೇಳಿದ್ರ ಏನ್ ತಿಳ್ಕೋತಾರೋ ಅಂತ ಸುಮ್ನ ಸಹಿ ಮಾಡಿದೆ’ ಅಂದಳು. ಭಾವ ಗಾಲ್ಫ್ ಮೈದಾನದ ಅಂಚಿನಲ್ಲಿ ನಿಂತು ನೋಡಿಕೊಂಡು ಬಂದಿದ್ದರು, ಆಡಬಹುದೇ ಎಂದು ಕೇಳಿರಲಿಲ್ಲ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಹೀಗೆ ಸಂಕೋಚದಲ್ಲಿ ಹೋಗುವುದು ನನಗೆ ಸಂಕಟದ ವಿಷಯ. ಅದಕ್ಕೇ ಈ ಬರಹ.

ಮೊದಲು ಜಾಗ ಆರಿಸಿ. ಸಮುದ್ರ, ಗಾಲ್ಫ್, ಸ್ಪಾ ಮೂರೂ ಒಂದೇ ಆವರಣದಲ್ಲಿ ಬೇಕಿದ್ದರೆ ದಕ್ಷಿಣ ಗೋವಾ ನೋಡಿ. ಕಾಣಕೋಣದ ರಾಜಬಾಗ್ ದಂಡೆಯ ಲಲಿತ್ ರೆಸಾರ್ಟಿನಲ್ಲಿ 9 ಹೋಲ್‌ಗಳ (ಚೆಂಡು ಬೀಳಿಸಬೇಕಾದ ಕುಳಿಗಳ) ಮೈದಾನವಿದೆ. ಪೂರ್ತಿ ಆಟಕ್ಕೆ 18 ಬೇಕು, ಬೇರೆ ಬೇರೆ ಜಾಗದಿಂದ ಹೊಡೆದು ಇದನ್ನೇ 18 ಮಾಡಿಕೊಂಡು ಆಡುತ್ತಾರೆ. ಮೋಬೋರ್‌ನ ಸೇಂಟ್ ರೀಜಿಸ್‌ನಲ್ಲಿ 12 ಹೋಲ್‌ಗಳು. ಬೆಣಾವಲಿಯ ತಾಜ್ ಎಕ್ಸೋಟಿಕಾದ 9 ಹೋಲ್‌ಗಳ ಪುಟ್ಟ ಮೈದಾನ ಹೊಸಬರಿಗೆ ಹೇಳಿ ಮಾಡಿಸಿದ್ದು.

ಬುಕಿಂಗ್‌ಗೆ ಮೊದಲು ಹೋಟೆಲಿಗೇ ಫೋನ್ ಮಾಡಿ. ನಾವು ಬರುವ ದಿನ ಮೈದಾನ ತೆರೆದಿರುತ್ತದೆಯೇ, ಆಟದ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ, ಕ್ಲಬ್ಬುಗಳು (ಗಾಲ್ಫ್ ಕೋಲುಗಳು) ಬಾಡಿಗೆಗೆ ಸಿಗುತ್ತವೆಯೇ, ‘ಸೀ ವ್ಯೂ’ ಅಂದರೆ ಕೋಣೆಯಿಂದ ಸಮುದ್ರ ನೇರ ಕಾಣುತ್ತದೆಯೋ ಮರಗಳ ಸಂದಿಯಲ್ಲೋ, ಎಲ್ಲವನ್ನೂ ಕೇಳಿ. ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ 7,500 ರೂಪಾಯಿ ದಾಟಿದ ಕೋಣೆಗೆ ಶೇ 18ರಷ್ಟು ಜಿಎಸ್‌ಟಿ ಇದೆ. 15,000 ಎಂದು ಕಂಡದ್ದು ಬಿಲ್ಲಿನಲ್ಲಿ 17,700 ಆಗುತ್ತದೆ.

ನವೆಂಬರ್‌ನಿಂದ ಫೆಬ್ರುವರಿ ಹಿತವಾದ ಕಾಲ. ಕ್ರಿಸ್‌ಮಸ್–ಹೊಸವರ್ಷದ ವಾರ ಬಿಟ್ಟುಬಿಡಿ, ಬಾಡಿಗೆ ಗಗನಕ್ಕೇರಿರುತ್ತದೆ. ಮಳೆಗಾಲದಲ್ಲಿ ಅಗ್ಗ, ಹಸಿರೂ ಚೆಂದ, ಆದರೆ ಸಮುದ್ರಕ್ಕೆ ಇಳಿಯುವಂತಿಲ್ಲ.

ರಾಜಬಾಗ್‌ಗೆ ಹೋಗುವವರು ಕಾರವಾರಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾಜಾಳಿ, ಪೋಳೆಂ ದಾಟಿದರೆ ಸಾಕು. ಕಾಣಕೋಣದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ. ವಿಮಾನದಲ್ಲಿ ಬರುವವರು ಟಿಕೆಟ್ ಮೇಲೆ ಒಮ್ಮೆ ಕಣ್ಣಾಡಿಸಿ. 2023ರ ಜನವರಿಯಲ್ಲಿ ಶುರುವಾದ ಮೋಪಾ ವಿಮಾನ ನಿಲ್ದಾಣ ಗೋವಾದ ಉತ್ತರದ ತುದಿಯಲ್ಲಿದೆ, ನಮಗೆ ಬೇಕಾದದ್ದು ದಕ್ಷಿಣಕ್ಕೆ ಹತ್ತಿರವಾದ ಹಳೆಯ ದಾಬೋಲಿ ನಿಲ್ದಾಣ.

ಕೋಣೆ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಬೇಗ ಮುಟ್ಟಿದರೆ ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಆ ಹೊತ್ತಿನಲ್ಲೇ ಗಾಲ್ಫ್ ಮತ್ತು ಸ್ಪಾದ ಸಮಯ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಗಾಲ್ಫ್, ಸಂಜೆ ಸ್ಪಾ. ಈ ಕ್ರಮ ತಪ್ಪಿಸಬೇಡಿ. ಮುಂಜಾನೆ ಗಾಳಿ ತಣ್ಣಗೆ ಮಲಗಿರುತ್ತದೆ. ಹೊತ್ತು ಏರಿ ನೆಲ ಕಾದಂತೆ ಸಮುದ್ರದಿಂದ ಗಾಳಿ ಬೀಸತೊಡಗುತ್ತದೆ, ಹೊಡೆದ ಚೆಂಡು ಎತ್ತಲೋ ವಾಲುತ್ತದೆ. ಮೇಲೆ ಬಿಸಿಲು ಬೇರೆ.

ಆಡಲು ಕಾಲರ್ ಇರುವ ಟೀ ಶರ್ಟ್, ಸಾದಾ ಪ್ಯಾಂಟ್, ಬೂಟು ಸಾಕು. ಜೀನ್ಸ್ ಮತ್ತು ದುಂಡು ಕತ್ತಿನ ಬನಿಯನ್ ನಡೆಯುವುದಿಲ್ಲ. ಎಂದೂ ಕ್ಲಬ್ ಹಿಡಿಯದವರು ನೇರ ಮೈದಾನಕ್ಕೆ ಇಳಿಯಬೇಡಿ. ಕೋಚ್ ಇದ್ದಾರೆಯೇ ಎಂದು ಕೇಳಿ ಅರ್ಧ ಗಂಟೆ ಕಲಿಯಿರಿ. ಇಲ್ಲವಾದರೆ ಪಟಿಂಗ್ ಗ್ರೀನ್‌ನಿಂದ ಶುರುಮಾಡಿ. ಅಲ್ಲಿ ಚೆಂಡನ್ನು ನೆಲದ ಮೇಲೆ ಉರುಳಿಸಿ 108 ಮಿಲಿಮೀಟರ್ ಅಗಲದ ಕುಳಿಗೆ ಬೀಳಿಸಬೇಕು. ನಮ್ಮ ಗೋಲಿಯಾಟ ಆಡಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ, ನಾನು ನೋಡಿದ್ದೇನೆ. ಕ್ಲಬ್ ಬೀಸುವಾಗ ಹುಲ್ಲಿನ ಹೆಂಟೆ ಕಿತ್ತು ಬಂದರೆ ನಾಚಬೇಡಿ. ಅದನ್ನು ತಂದು ಅಲ್ಲೇ ಇಟ್ಟು ಕಾಲಿನಿಂದ ಮೆಟ್ಟಿ. ಬಂಕರ್‌ನ (ಮೈದಾನದ ಮರಳುಗುಂಡಿಯ) ಮರಳಿನಲ್ಲಿ ಆಡಿದರೆ ಹೆಜ್ಜೆಗುರುತನ್ನು ಪಕ್ಕದಲ್ಲಿರುವ ರೇಕ್‌ನಿಂದ (ಹಲ್ಲುಗಳಿರುವ ಉದ್ದ ಕೋಲಿನಿಂದ) ಎಳೆದು ಸಮ ಮಾಡಿ. ‘ಫೋರ್!’ ಎಂಬ ಕೂಗು ಕಿವಿಗೆ ಬಿದ್ದರೆ ಯಾರೆಂದು ತಿರುಗಿ ನೋಡಬೇಡಿ, ತಲೆಗೆ ಕೈ ಅಡ್ಡ ಹಿಡಿದು ಬಗ್ಗಿ. ಚೆಂಡು ನಿಮ್ಮತ್ತ ಬರುತ್ತಿದೆ ಎಂದು ಅದರರ್ಥ.

ಸ್ಪಾಗೆ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಹೋಗಿ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಒಡವೆಗಳನ್ನು ಕೋಣೆಯ ಲಾಕರ್‌ನಲ್ಲೇ ಬಿಡಿ. ಇನ್ನು ಆ ಫಾರ್ಮ್. ಅದನ್ನು ಓದದೆ ದಯವಿಟ್ಟು ಸಹಿ ಮಾಡಬೇಡಿ. ಬಿಪಿ, ಗರ್ಭಿಣಿಯೇ, ಶಸ್ತ್ರಚಿಕಿತ್ಸೆ ಆಗಿದೆಯೇ, ಯಾವ ಎಣ್ಣೆ ಮೈಗೆ ಆಗದು ಎಂದೆಲ್ಲ ಅಲ್ಲಿ ಕೇಳಿರುತ್ತಾರೆ. ಓದಲು ಬಾರದಿದ್ದರೆ ಓದಿ ಹೇಳಿ ಎನ್ನಿ. ಗೋವಾದ ಹೋಟೆಲುಗಳಲ್ಲಿ ಕಾರವಾರ, ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಕನ್ನಡ ಬಲ್ಲವರು ಇದ್ದಾರೆಯೇ ಎಂದು ಕೇಳಿದರೆ ಒಬ್ಬರಾದರೂ ಸಿಗುವ ಸಂಭವ ಹೆಚ್ಚು. ಹೆಂಗಸರು ಮಸಾಜ್‌ಗೆ ಹೆಂಗಸರೇ ಬೇಕು ಎಂದು ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ಮೈಮೇಲೆ ಹೊದಿಕೆ ಇರುತ್ತದೆ, ತಿಕ್ಕುವ ಭಾಗವನ್ನಷ್ಟೇ ಸರಿಸುತ್ತಾರೆ. ಒತ್ತಡ ಹೆಚ್ಚಾದ ಕೂಡಲೇ ‘ಸ್ವಲ್ಪ ಹಗುರ’ ಎನ್ನಿ. ನಡುವೆ ನಿಲ್ಲಿಸಿ ಎನ್ನುವ ಹಕ್ಕೂ ನಿಮ್ಮದೇ. ಅಭ್ಯಂಗ ನಮ್ಮ ದೀಪಾವಳಿಯ ಎಣ್ಣೆಸ್ನಾನದ ದೊಡ್ಡಣ್ಣ, ಮೊದಲ ಸಲಕ್ಕೆ ಅದೇ ಒಳ್ಳೆಯದು. ಶಿರೋಧಾರಾದಲ್ಲಿ ಹಣೆಯ ಮೇಲೆ ಸುರಿಯುವ ಎಣ್ಣೆ ಕೂದಲಿಗೆಲ್ಲ ಇಳಿಯುತ್ತದೆ, ಊರಿಗೆ ಹೊರಡುವ ದಿನ ಬೇಡ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಸ್ಟೀಮ್ ಕೋಣೆಗೆ ಹೋಗಬಾರದು. ಬಿಸಿಲಿಗೆ ಚರ್ಮ ಸುಟ್ಟಿದ್ದರೆ ಆ ದಿನ ಮಸಾಜ್ ಬೇಡ.

ಸಮುದ್ರಕ್ಕೆ ಇಳಿಯುವ ಮುನ್ನ ಬಾವುಟ ನೋಡಿ. ಕೆಂಪು ಇದ್ದರೆ ಇಳಿಯಬೇಡಿ, ಹೋಟೆಲಿನ ಈಜುಕೊಳ ಇದ್ದೇ ಇದೆ. ರಾಜಬಾಗ್‌ನಲ್ಲಿ ಉಳಿದವರು ತಾಳಪೋಣ ನದಿಯ ಆಚೆ ಇರುವ ಗಾಲ್ಜಿಬಾಗ್‌ಗೆ ಒಮ್ಮೆ ಹೋಗಿಬನ್ನಿ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಅಲ್ಲಿ ಮೊಟ್ಟೆಯಿಡಲು ಬರುತ್ತವೆ, ಅರಣ್ಯ ಇಲಾಖೆ ಆ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತದೆ. ಕತ್ತಲಾದ ಮೇಲೆ ಮೊಬೈಲ್ ಟಾರ್ಚ್ ಹಾಕಬೇಡಿ, ಬೆಳಕಿಗೆ ಮರಿಗಳು ದಿಕ್ಕು ತಪ್ಪುತ್ತವೆ.

ಬಿಲ್ಲನ್ನು ಹೊರಡುವ ಹಿಂದಿನ ರಾತ್ರಿಯೇ ಕೇಳಿ ಪಡೆದು ಸಾವಧಾನವಾಗಿ ಓದಿ. ಕೋಣೆಯ ಫ್ರಿಜ್ಜಿನಿಂದ ತೆಗೆಯದ ತಂಪು ಪಾನೀಯ ಲೆಕ್ಕಕ್ಕೆ ಬಂದಿದ್ದರೆ ಆಗಲೇ ಹೇಳಿ ತೆಗೆಸಬಹುದು. ಸಂಜೆಯ ರೈಲು ಇದ್ದರೆ ಕೋಣೆ ಬಿಟ್ಟ ಮೇಲೂ ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಈಜುಕೊಳದ ಬಳಿಯ ಬಚ್ಚಲಲ್ಲಿ ಸ್ನಾನ ಮಾಡಿ ಹೊರಡಬಹುದೇ ಎಂದು ಅದನ್ನೂ ಕೇಳಿ.