ಟಿಪ್ಸ್ ಕೊಡುವ ಮೊದಲು ಬಿಲ್ ಓದಿ

ಮೊದಲು ಬಿಲ್ ಪೂರ್ತಿ ಓದಿ. ಸರ್ವಿಸ್ ಚಾರ್ಜ್ ಆಗಲೇ ಸೇರಿದ್ದರೆ ಅದು ಕೆಲಸದವರ ಕೈ ಸೇರುತ್ತದಾ ಅಂತ ಬಡಿಸಿದವರನ್ನೇ ಮೆಲ್ಲಗೆ ಕೇಳಿ, ಯಾಕಂದ್ರೆ ಎಷ್ಟೋ ಕಡೆ ಅದು ಮಾಲೀಕರ ಗಲ್ಲಾಪೆಟ್ಟಿಗೆಯಲ್ಲೇ ಉಳಿದುಬಿಡುತ್ತದೆ. ಅನುಮಾನ ಇದ್ದರೆ ನಗದು ಕೊಡಿ. ನೋಟನ್ನು ಮೊದಲೇ ಮಡಚಿಟ್ಟುಕೊಂಡು, ಮುಖ ನೋಡಿ ಥ್ಯಾಂಕ್ಸ್ ಹೇಳಿ, ಕೈಗೇ ಕೊಡಿ. ಮೇಜಿನ ಮೇಲೆ ಎಸೆಯಬೇಡಿ.

ಬೇರೆ ದೇಶಕ್ಕೆ ಹೋಗುವಾಗ ಅಲ್ಲಿನ ರೂಢಿ ತಿಳಿದುಕೊಳ್ಳಿ. ಜಪಾನಿನಲ್ಲಿ ಸಾಮಾನ್ಯವಾಗಿ ಟಿಪ್ಸ್ ಕೊಡುವುದಿಲ್ಲ. ಅಮೆರಿಕದಲ್ಲಿ ಟಿಪ್ಸ್ ಪಡೆಯುವವರಿಗೆ ಫೆಡರಲ್ ಕಾನೂನಿನ ಪ್ರಕಾರ ಮಾಲೀಕರು ಕೊಡಲೇಬೇಕಾದ ನೇರ ಕೂಲಿ 1991ರಿಂದಲೂ ಗಂಟೆಗೆ ಬರೀ 2.13 ಡಾಲರ್, ಹಾಗಾಗಿ ಅಲ್ಲಿ 15ರಿಂದ 20 ಪರ್ಸೆಂಟ್ ಕೊಡದೆ ಎದ್ದು ಬಂದರೆ ಅವರ ದುಡಿಮೆಗೇ ಕತ್ತರಿ.

ಅಡುಗೆ ತಡವಾದ ಸಿಟ್ಟನ್ನು ಬಡಿಸುವವರ ಮೇಲೆ ತೀರಿಸಿಕೊಳ್ಳುವುದು ತಪ್ಪು ಅಲ್ವಾ? ದೂರು ಇದ್ದರೆ ಮ್ಯಾನೇಜರಿಗೆ ಹೇಳಿ.