ಚಕ್ರದ ಅಳತೆ ಬದಲಿಸಿದ ಮೇಲೆ ಮೈಲೇಜ್ ಲೆಕ್ಕ ಹಾಕುವುದು ಹೇಗೆ?

ದೊಡ್ಡ ಚಕ್ರ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಅನ್ನಿಸಿದರೆ, ಅದರಲ್ಲಿ ಎಂಜಿನ್ ನಿಜಕ್ಕೂ ಹೆಚ್ಚಿಗೆ ಕುಡಿದದ್ದು ಒಂದು ಪಾಲು, ಓಡೋಮೀಟರ್ (ಓಡಿದ ದೂರ ತೋರಿಸುವ ಮೀಟರ್) ಲೆಕ್ಕ ತಪ್ಪಿದ್ದು ಇನ್ನೊಂದು ಪಾಲು. ಎರಡನೆಯದನ್ನು ಕಳೆಯದೆ ಮೊದಲನೆಯದರ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ.

ಟೈರಿನ ಮೇಲೆ 185/65 ಆರ್15 ಎಂದಿದೆ ಅನ್ನಿ. ಅಗಲ 185 ಮಿ.ಮೀ. ಅದರ ಶೇ. 65, ಅಂದರೆ 120.25 ಮಿ.ಮೀ., ಸೈಡ್‌ವಾಲ್‌ನ, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ. 15 ಇಂಚಿನ ರಿಮ್ ಎಂದರೆ 381 ಮಿ.ಮೀ. ಸೈಡ್‌ವಾಲ್ ಮೇಲೂ ಕೆಳಗೂ ಇರುವುದರಿಂದ ಎರಡು ಸಲ ಕೂಡಿಸಿ: ಒಟ್ಟು ವ್ಯಾಸ 621.5 ಮಿ.ಮೀ. ಅದೇ ರಿಮ್‌ಗೆ 205/65 ಏರಿಸಿದರೆ 647.5, ಶೇ. 4.2ರಷ್ಟು ಹೆಚ್ಚು. ಆದರೆ 195/55 ಆರ್16ಕ್ಕೆ ಹೋದರೆ 620.9 ಅಷ್ಟೇ, ರಿಮ್ ದೊಡ್ಡದಾಯಿತು, ಚಕ್ರ ದೊಡ್ಡದಾಗಲಿಲ್ಲ. ಒಟ್ಟು ವ್ಯಾಸದ ವ್ಯತ್ಯಾಸ ಶೇ. 3ರೊಳಗೆ ಇರಲಿ.

ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು, ಪ್ರತಿ ಸುತ್ತಿಗೂ ಹಳೆಯ ಚಕ್ರದ ದೂರವನ್ನೇ ಕೂಡಿಸುತ್ತದೆ. 205/65 ಹಾಕಿದ ಕಾರಿನಲ್ಲಿ ಅದು 480 ಕಿ.ಮೀ. ತೋರಿಸುವಾಗ ಕಾರು ಓಡಿರುವುದು ಸುಮಾರು 500. 32 ಲೀಟರ್ ಖರ್ಚಾಗಿದ್ದರೆ ಮೀಟರ್ ಪ್ರಕಾರ ಲೀಟರಿಗೆ 15, ನಿಜದಲ್ಲಿ 15.6.

ಅಳತೆ ಬದಲಿಸದೆ ಹೊಸ ಟೈರು ಹಾಕಿದವರೂ ಇದೇ ಬಲೆಗೆ ಬೀಳುತ್ತಾರೆ. 5 ಮಿ.ಮೀ. ಸವೆದ ಟೈರಿನ ವ್ಯಾಸ 10 ಮಿ.ಮೀ. ಕಡಿಮೆ, ಅಂದರೆ ಶೇ. 1.6. ಹಳೆಯ ಟೈರು ಇಷ್ಟು ದಿನ ಇಲ್ಲದ ಕಿಲೋಮೀಟರ್ ಸೇರಿಸಿ ತೋರಿಸುತ್ತಿತ್ತು. ಮೇಲಾಗಿ ಹೊಸ ಟೈರಿನ ದಪ್ಪ ರಬ್ಬರ್ ಉರುಳುವಾಗ ಹೆಚ್ಚು ಶಕ್ತಿ ತಿನ್ನುತ್ತದೆ. ಟೈರು ಬದಲಿಸಿದ ಮೊದಲ ವಾರವೇ ಕಂಪನಿಯನ್ನು ಬೈಯುವುದು ಬೇಡ.

ಸರಿಯಾಗಿ ಅಳೆಯಲು ಸಮತಟ್ಟು ನೆಲ ಸಾಕು. ಟೈರು ತಣ್ಣಗಿರುವಾಗ ಗಾಳಿ ಸರಿಮಾಡಿ. ಟೈರು ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಕಾರನ್ನು ನೇರವಾಗಿ ತಳ್ಳಿ, ಟೈರಿನ ಗೆರೆ ಐದನೆಯ ಸಲ ಕೆಳಗೆ ಬಂದಾಗ ನಿಲ್ಲಿಸಿ, ನೆಲದ ಮೇಲೆ ಇನ್ನೊಂದು ಗೆರೆ ಹಾಕಿ. ಎರಡು ಗೆರೆಗಳ ನಡುವಿನ ದೂರವನ್ನು ಐದರಿಂದ ಭಾಗಿಸಿ. ಹಳೆಯ ಚಕ್ರ ಬಿಚ್ಚುವ ಮೊದಲೊಮ್ಮೆ, ಹೊಸದು ಹಾಕಿದ ಮೇಲೊಮ್ಮೆ ಅಳೆದು, ಹೊಸದನ್ನು ಹಳೆಯದರಿಂದ ಭಾಗಿಸಿ. ಬಂದ ಸಂಖ್ಯೆಯಿಂದ ಓಡೋಮೀಟರ್ ದೂರವನ್ನು ಗುಣಿಸಿ. ಕಾರಿನ ಭಾರಕ್ಕೆ ಟೈರಿನ ತಳ ಚಪ್ಪಟೆಯಾಗುವುದರಿಂದ ಕಾಗದದ ಲೆಕ್ಕಕ್ಕಿಂತ ಈ ಅಳತೆ ತುಸು ಕಡಿಮೆಯೇ ಬರುತ್ತದೆ. ಹಾಗಾಗಿ ಒಂದನ್ನು ಅಳೆದು ಇನ್ನೊಂದನ್ನು ಲೆಕ್ಕ ಹಾಕಿ ಹೋಲಿಸಬೇಡಿ. ಇಂಧನವನ್ನು ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಕನಿಷ್ಠ ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ.

ಇಷ್ಟಾದ ಮೇಲೂ ಮೈಲೇಜ್ ಕಡಿಮೆ ಬಂದರೆ ಅದು ನಿಜವಾದ ನಷ್ಟ. ಅದಕ್ಕೆ ಒಂದು ಕಾರಣ ತೂಕ. ಚಕ್ರ ಹಿಡಿದು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಟೈರಿನ ಹೊರ ಅಂಚಿಗೆ ಸೇರಿದ ಒಂದು ಕಿಲೋ, ವೇಗ ಏರಿಸುವಾಗ ಕಾರಿನೊಳಗೆ ಇಟ್ಟ ಎರಡು ಕಿಲೋಗೆ ಹತ್ತಿರ. ಅದಕ್ಕೆ ಕೊಟ್ಟ ಶಕ್ತಿ ಪ್ರತಿ ಸಿಗ್ನಲ್‌ನಲ್ಲೂ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ತೂಕ ಅಷ್ಟು ಕಾಡುವುದಿಲ್ಲ. ಅಲ್ಲಿ ಅಗಲ ಟೈರು ಮತ್ತು ತೆರೆದ ಕಡ್ಡಿಗಳ ಅಲಾಯ್ ಚಕ್ರ ಗಾಳಿಯನ್ನು ಕಲಕುವುದೇ ದುಬಾರಿ. ಒಟ್ಟು ವ್ಯಾಸ ಶೇ. 4 ಹೆಚ್ಚಿದರೆ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದ ಎಂಜಿನ್ ಅದೇ ವೇಗಕ್ಕೆ ಸುಮಾರು 2880ರಲ್ಲಿ ತಿರುಗುತ್ತದೆ. ಹೆದ್ದಾರಿಗೆ ಇದು ಒಳ್ಳೆಯದೇ, ಆದರೆ ಏರಿನಲ್ಲಿ ಬೇಗ ಗೇರ್ ಇಳಿಸಬೇಕಾಗುತ್ತದೆ.

ಕೊಳ್ಳುವ ಮುನ್ನ ಲೋಡ್ ಸೂಚ್ಯಂಕ, ಅಂದರೆ ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ, ನೋಡಿ. 88 ಎಂದರೆ ಒಂದು ಟೈರು 560 ಕಿಲೋ ಹೊರುತ್ತದೆ, 84 ಎಂದರೆ 500. ಹಳೆಯದಕ್ಕಿಂತ ಕಡಿಮೆಯದು ಬೇಡ. ಸೈಡ್‌ವಾಲ್ ಗಿಡ್ಡವಾದಂತೆ ಒಳಗಿನ ಗಾಳಿಯ ಪ್ರಮಾಣವೂ ಇಳಿಯುವುದರಿಂದ, ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಒತ್ತಡ ಹೊಸ ಅಳತೆಗೆ ಸಾಲದೆ ಹೋಗಬಹುದು. ಟೈರು ತಯಾರಕರ ಲೋಡ್ ಪಟ್ಟಿ ನೋಡಿಯೇ ಗಾಳಿ ತುಂಬಿಸಿ.