ಬದಿಯಡ್ಕದ ತೋಟದಲ್ಲಿ ಸೀತೆಯ ಹುಡುಕಾಟ

“ನಲವತ್ತು ದಾಟಿದವರು ಚೀಟಿ ಹಿಡ್ಕೊಂಡು ಓಡ್ತಾರಾ? ಸುಮ್ನೆ ಊಟ ಹಾಕು, ಒಂದು ತಾಳಮದ್ದಳೆ ಇಡು” ಅಂತ, ಕುಟುಂಬದ ಕೂಟಕ್ಕೆ ಸುಳಿವಿನ ಚೀಟಿ ಹಿಡಿದು ಹುಡುಕುವ ಆಟ ಇಡುತ್ತೇನೆ ಅಂದಾಗ ದೊಡ್ಡಪ್ಪನ ಮಕ್ಕಳೆಲ್ಲ ನಕ್ಕಿದ್ದರು. ಓಡಿದರು! ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ಮೂವತ್ತು ಚಿಲ್ಲರೆ ಜನ, ಪಂಚೆ ಎತ್ತಿ ಕಟ್ಟಿ ಓಡಿದರು.

ಹಿಂದಿನ ಸಲ ಬೇಕಲ ಕೋಟೆಯಲ್ಲಿ ಇಟ್ಟಾಗ ಪೂರ್ತಿ ನೆಲಕಚ್ಚಿತ್ತು. 40 ಎಕರೆ ಕೋಟೆ, ನೆತ್ತಿ ಸುಡುವ ಬಿಸಿಲು. ಪುರಾತತ್ವ ಇಲಾಖೆಯ ಜಾಗ, ಒಂದು ಚೀಟಿ ಅಂಟಿಸುವ ಹಾಗಿಲ್ಲ. ಅರ್ಧ ಜನ ಬುರುಜು ಹತ್ತಿ ಸಮುದ್ರ ನೋಡುತ್ತಾ ಕೂತರು. ಒಂದು ಕಾರು 66ನೇ ಹೆದ್ದಾರಿಯ ಬ್ಲಾಕಿನಲ್ಲೇ ಉಳಿಯಿತು. ವ್ಯಾನ್ ಬಾಡಿಗೆ, ಪೆಟ್ರೋಲು, ಟಿಕೆಟು, ಊಟ ಅಂತ ಹತ್ತಿರ ಹತ್ತಿರ 11 ಸಾವಿರ ಹೋಯಿತು. ಈ ಸಲ ಊಟ ಬಿಟ್ಟು 2 ಸಾವಿರದೊಳಗೆ ಮುಗಿಸಿದೆ.

ಆಟಕ್ಕೆ ಆರಿಸುವ ಕತೆ ಎಲ್ಲರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ವಿವರಿಸುವುದರಲ್ಲೇ ಮಧ್ಯಾಹ್ನ ಆಗುತ್ತದೆ. ಸುಗ್ರೀವ ಕಪಿಗಳನ್ನು ನಾಲ್ಕು ದಿಕ್ಕಿಗೆ ಕಳಿಸಿದ್ದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಪೂರ್ವಕ್ಕೆ ವಿನತ, ಪಶ್ಚಿಮಕ್ಕೆ ಸುಷೇಣ, ಉತ್ತರಕ್ಕೆ ಶತಬಲಿ, ದಕ್ಷಿಣಕ್ಕೆ ಅಂಗದ, ಹನುಮಂತ. ನಾಲ್ಕು ತಂಡ ರೆಡಿ. ಅವನು ಕೊಟ್ಟ ಗಡುವು ಒಂದು ತಿಂಗಳು, ನಾನು ಕೊಟ್ಟದ್ದು ಒಂದೂವರೆ ಗಂಟೆ. ತಡವಾಗಿ ಬಂದ ತಂಡಕ್ಕೆ ಬಡಿಸುವ ಕೆಲಸ.

ದಕ್ಷಿಣದವರು ಗುಹೆಗೆ ಹೋಗುವ ಕತೆ ಇದೆಯಲ್ವಾ, ಅದನ್ನೇ ಹಿಡಿದು ನಮ್ಮ ದಕ್ಷಿಣ ತಂಡದವರು ತೋಟದ ಸುರಂಗಕ್ಕೆ ನುಗ್ಗಲು ಹೊರಟರು. ಅದರ ಬಾಯಿಗೆ ಮೊದಲೇ ಬಿದಿರಿನ ಗಳ ಅಡ್ಡ ಕಟ್ಟಿಸಿದ್ದೆ. ನೀರಿಗೆ ತೋಡಿದ ಸುರಂಗದಲ್ಲಿ ಆಟ ಬೇಡವೇ ಬೇಡ.

ನಿಜವಾಗಿ ಗೆಲ್ಲಿಸಿದ್ದು ಲಿಪಿ. ಪ್ರತಿ ಸುಳಿವಿನ ಮೊದಲರ್ಧ ಕನ್ನಡದಲ್ಲಿ, ಉಳಿದರ್ಧ ಮಲಯಾಳದಲ್ಲಿ ಬರೆದೆ. ಬೆಂಗಳೂರಿಂದ ಬಂದವರಿಗೆ ಇಲ್ಲಿನ ಬಸ್ಸಿನ ಬೋರ್ಡೂ ಓದಲು ಬರುವುದಿಲ್ಲ. ಮಲಯಾಳಂ ಮೀಡಿಯಂನಲ್ಲಿ ಕಲಿತ ನಮ್ಮ ಕೆಲವು ಸೊಸೆಯಂದಿರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಮದುವೆಗಳಲ್ಲಿ ಬೇರೆ ಬೇರೆ ಮೂಲೆ ಹಿಡಿಯುವವರು ಒಂದೇ ಚೀಟಿಗೆ ತಲೆ ಹಾಕಿದರು.

ಚೀಟಿಯಲ್ಲೂ ಒಂದು ಪ್ರಯೋಗ. ಸುಣ್ಣದ ತಿಳಿಯಲ್ಲಿ ಬರೆದು, ಮೇಲೆ ಅರಸಿನ ನೀರು ಬಳಿದರೆ ಅಕ್ಷರ ಓಕುಳಿ ಬಣ್ಣಕ್ಕೆ ತಿರುಗುತ್ತದೆ ಅಂತ ಲೆಕ್ಕ. ಹಸಿ ಇದ್ದಾಗ ಜೋರು ಕೆಂಪು. ರಾತ್ರಿಯಿಡೀ ಒಣಗಿದ್ದು ಬೆಳಿಗ್ಗೆ ಮಂಕು, ಗಾಳಿ ತಾಗಿ ಸುಣ್ಣ ಸತ್ತು ಹೋಗುತ್ತದೆ. ಅಡಿಗೆ ಸೋಡಾ ಕದಡಿ ಬರೆದದ್ದು ಮಾತ್ರ ಕೈಕೊಡಲಿಲ್ಲ. ಹತ್ತಿಯಲ್ಲಿ ಅರಸಿನ ಒತ್ತಿದ ಹಾಗೆ ಹಳದಿ ಕಾಗದದ ಮೇಲೆ ಕಂದುಗೆಂಪು ಅಕ್ಷರ ಒಂದೊಂದಾಗಿ ಎದ್ದು ಬಂತು. ಸೋಡಾ ಎಷ್ಟು ನೀರಿಗೆ ಎಷ್ಟು ಅಂತ ಹೇಳುವುದಿಲ್ಲ, ನೀವೂ ಸ್ವಲ್ಪ ಕಾಗದ ಹಾಳು ಮಾಡಿ.

ಕೊನೆಗೆ ಉಂಗುರದ ಪೆಟ್ಟಿಗೆ. ನಾಲ್ಕಂಕಿಯ ನಂಬರ್ ಬೀಗ, ಮುನ್ನೂರು ಚಿಲ್ಲರೆ ಕೊಟ್ಟದ್ದು. ಸುಳಿವು ಕಾಸರಗೋಡಿನ ವರ್ಷ ಕೇಳುತ್ತಿತ್ತು. ಕನ್ನಡದವರಲ್ವಾ, ಚೀಟಿ ಪೂರ್ತಿ ಓದದೆ ಎಲ್ಲರೂ ಕಾಸರಗೋಡು ಕೇರಳಕ್ಕೆ ಸೇರಿದ 1956 ತಿರುಗಿಸಿದರು! ನಾನು ಕೇಳಿದ್ದು ಜಿಲ್ಲೆ ಆದ ವರ್ಷ, 1984. ಕೇರಳದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಪಶ್ಚಿಮ ತಂಡದ ಒಬ್ಬ ಸೊಸೆ ತೆಗೆದಳು. ಅವರ ತಂಡಕ್ಕೆ ಬಹುಮಾನ ಎರಡು ಕಟ್ಟು ಹಲಸಿನ ಹಪ್ಪಳ.

ನಾಲ್ಕು ತಂಡ ದಾರಿಯಲ್ಲಿ ಎದುರಾಗದ ಹಾಗೆ ಹೇಗೆ ನೋಡಿಕೊಂಡೆ ಅಂತ ತುಂಬಾ ಜನ ಕೇಳಿದರು. ಅದು ನನ್ನಲ್ಲೇ ಇರಲಿ, ಓಣಂ ರಜೆಗೆ ಇನ್ನೊಂದು ಮನೆಯವರು ಕರೆದಿದ್ದಾರೆ.